ಗೋಡೆ ಬಡಿದಾಗ ಇಳಿಸಿದ ಅನ್ನ

ಕಳೆದ ತಿಂಗಳು ಮುಧೋಳದ ಕಡೆಯಿಂದ ಇಬ್ಬರು ತರುಣರು ಜಮಖಂಡಿಯ ನಮ್ಮ ಮನೆಗೆ ಬಂದಿದ್ದರು. ಹೊಸದಾಗಿ ಕಟ್ಟಿದ ಗುಡಿಯೊಂದರಲ್ಲಿ ಅವರಿಗೆ ನೈವೇದ್ಯದ ಅಡಿಗೆಯ ಕೆಲಸ ಸಿಕ್ಕಿದೆ. "ಅಜ್ಜಾರ, ಗುಡಿ ಅನ್ನಕ್ಕ ಆ ರುಚಿ ಹೆಂಗ ಬರತೈತ್ರಿ? ಅಳತಿ ಹೇಳ್ರಿ, ಬರಕೋತೀವಿ" ಎಂದು ಒಬ್ಬ ವಹಿ ಬಿಚ್ಚಿದ. ಹೇಳಿದೆ. ಅರ್ಧ ಪುಟಕ್ಕೆ ಮುಗಿಯಿತು. ಇಷ್ಟೇನಾ ಎಂಬಂತೆ ಇಬ್ಬರೂ ಮುಖ ಮುಖ ನೋಡಿಕೊಂಡು, ಚಹಾ ಕುಡಿದು ಹೋದರು. ಅವರು ಹೋದ ಮೇಲೆ, ಹೇಳಬೇಕಾದದ್ದನ್ನು ಹೇಳದೆ ಕಳಿಸಿದೆನಲ್ಲ ಎನ್ನಿಸಿತು. ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಒಲೆಯ ಮುಂದೆ ಕೂತವನು ನಾನು. ಅಲ್ಲಿ ನನಗಾದದ್ದನ್ನು ಅಳತೆಯಲ್ಲಿ ಬರೆಸಲು ಬರುವುದಿಲ್ಲ.

ಕನ್ನಡ ಸೀಮೆಗಳೆಲ್ಲ ಒಂದಾಗಿ ಎರಡು ಮೂರು ವರ್ಷವಾಗಿತ್ತು. ನನಗೆ ಇಪ್ಪತ್ತಾರು, ಮದುವೆಯಾಗಿತ್ತು. ಅದಕ್ಕೆ ಮೊದಲು ಬೀಳಗಿ, ಅನಗವಾಡಿಗಳ ಕಡೆ ಮದುವೆ ಮನೆಗಳಲ್ಲಿ ಅಡಿಗೆ ಮಾಡುತ್ತಿದ್ದೆ. ಗಲಗಲಿಯಿಂದ ಹೊಳೆಯ ದಂಡೆಗುಂಟ ಸ್ವಲ್ಪ ದೂರ ನಡೆದರೆ ಒಂದು ಹಳೆಯ ಈಶ್ವರನ ಗುಡಿಯಿತ್ತು. ಈಚೆಗೆ ಹಿನ್ನೀರಿನ ಭಯಕ್ಕೆ ದೇವರನ್ನು ಮೇಲಿನ ದಿಬ್ಬಕ್ಕೆ ಸಾಗಿಸಿದ್ದಾರೆ. ಆಗ ಅಲ್ಲಿ ದಿನವೂ ಮಧ್ಯಾಹ್ನ ಒಂದು ದೊಡ್ಡ ತಪ್ಪೇಲಿ ಅನ್ನ ದೇವರಿಗೆ ಎಡೆಯಾಗಿ, ಆಮೇಲೆ ಬಂದವರಿಗೆಲ್ಲ ಪ್ರಸಾದವಾಗುತ್ತಿತ್ತು. ಅನ್ನ, ಉಪ್ಪು ಹಾಕದ ತೊವ್ವೆ, ಒಂದು ಚಮಚ ತುಪ್ಪ, ಮತ್ತೇನೂ ಇಲ್ಲ. ನಮ್ಮದು ರೊಟ್ಟಿಯ ಸೀಮೆ. ಆ ಕಾಲಕ್ಕೆ ಅನ್ನ ಹಬ್ಬಕ್ಕೊಮ್ಮೆ ಕಾಣುವ ವಸ್ತು. ಹಾಗಾಗಿ ಆ ಒಂದು ಹಿಡಿಗಾಗಿ ಜನ ಹೊಳೆ ದಾಟಿ ಬರುತ್ತಿದ್ದರು.

ಅಡಿಗೆಯ ಹಿರಿಯ ಚನ್ನಯ್ಯ. ಎಲುಬು ಎಣಿಸಬಹುದಾದ ಮೈ, ಕಣ್ಣು ಮಸಕು, ಮಾತು ಬಲು ಕಡಿಮೆ. ಅವರ ಕೈಕೆಳಗೆ ನಾನು ಸೇರಿದೆ. ಅಡಿಗೆಮನೆ ಗವಿಯಂತಿತ್ತು. ಬಾಗಿಲು ಬಿಟ್ಟರೆ ಬೆಳಕಿಗೆಂದು ಮೇಲೆ ಒಂದು ಸೀಳು. ನಡು ಮಧ್ಯಾಹ್ನದಲ್ಲೂ ಒಲೆಯ ಬೆಳಕಿನಲ್ಲೇ ಕೆಲಸ. ಮೂರು ಗೋಡೆ ಕಲ್ಲಿನವು, ಹಿಂದಿನದು ಮಣ್ಣಿನದು. ನಾಲ್ಕೂ ಹೊಗೆ ಹಿಡಿದು ಒಂದೇ ಬಣ್ಣವಾಗಿದ್ದವು.

ಮೊದಲ ದಿನವೇ ಚನ್ನಯ್ಯ ಎರಡು ಮಾತು ಹೇಳಿದರು. "ಅನ್ನ ಕುದಿಯಾಕತ್ತಿದ ಮ್ಯಾಲೆ ಮಾತಾಡಬ್ಯಾಡ. ಹಿಂದಿನ ಗ್ವಾಡಿಗೆ ಬೆನ್ನು ಹಚ್ಚಬ್ಯಾಡ."

ಯಾಕೆಂದು ಕೇಳುವ ಧೈರ್ಯವಾಗಲಿಲ್ಲ. ಎಸರು ಕುದಿಯಿತು, ಅಕ್ಕಿ ಬಿತ್ತು, ಮುಚ್ಚಳ ಮುಚ್ಚಿದರು. ಇಬ್ಬರೂ ಸುಮ್ಮನೆ ಕೂತೆವು. ಬಹಳ ಹೊತ್ತಾದ ಮೇಲೆ ಹಿಂದಿನ ಗೋಡೆಯೊಳಗಿಂದ ಸದ್ದು ಬಂತು. ಟಕ್, ಟಕ್, ಟಕ್. ಮೂರು ಸಲ, ಎದೆಯೆತ್ತರದಿಂದ. ನನ್ನ ಮೈಮೇಲಿನ ಕೂದಲು ಎದ್ದು ನಿಂತವು. ಚನ್ನಯ್ಯ ಏನೂ ಆಗದವರಂತೆ ಎದ್ದು ಉರಿ ಹಿರಿದು, ಕೆಂಡ ಎಳೆದು, ತಪ್ಪೇಲಿ ಇಳಿಸಿದರು. ಮುಚ್ಚಳ ತೆಗೆದಾಗ ಅಗುಳು ಮಲ್ಲಿಗೆ ಮೊಗ್ಗಿನಂತೆ ಬೇರೆ ಬೇರೆಯಾಗಿ ನಿಂತಿದ್ದವು.

"ಅದೇನ್ರಿ ಸದ್ದು?" ಎಂದೆ.

"ಅನ್ನ ಆಗೇತಿ ಅಂತ."

"ಯಾರು ಹೇಳಿದ್ರು?"

ಅವರು ತಪ್ಪೇಲಿ ಎತ್ತಿಕೊಂಡು ಗರ್ಭಗುಡಿಯ ಕಡೆ ಹೋದರು.

ಮರುದಿನ, ಅದರ ಮರುದಿನ, ಮಳೆಗಾಲ, ಚಳಿಗಾಲ, ಸದ್ದು ತಪ್ಪಲಿಲ್ಲ. ಕಟ್ಟಿಗೆ ಹಸಿಯಿದ್ದ ದಿನ ತಡವಾಗಿ, ಗಾಳಿ ಬೀಸಿ ಉರಿ ಹೆಚ್ಚಾದ ದಿನ ಬೇಗ, ಸರಿಯಾಗಿ ಅನ್ನವಾದ ಗಳಿಗೆಗೇ ಬಡಿಯುತ್ತಿತ್ತು. ಊರಲ್ಲಿ ವಿಚಾರಿಸಿದರೆ, ಹಿಂದೆ ಒಬ್ಬ ಅಡಿಗೆಯವ ಎಸರು ಮೈಮೇಲೆ ಬಿದ್ದು ಅಲ್ಲೇ ಸತ್ತನಂತೆ, ಅವನೇ ಗೋಡೆಯಲ್ಲಿದ್ದಾನಂತೆ ಎಂದರು. ಹೇಳಿದವರಾರೂ ಅವನನ್ನು ಕಂಡವರಲ್ಲ.

ಮನುಷ್ಯ ಯಾವುದಕ್ಕೂ ಒಗ್ಗುತ್ತಾನೆ. ಎರಡು ವರ್ಷದಲ್ಲಿ ನಾನೂ ಒಗ್ಗಿದೆ. ಅದೇ ನನ್ನ ದೊಡ್ಡ ತಪ್ಪು. ಕಟ್ಟಿಗೆ ಹೊಂದಿಸುವುದು, ಅಕ್ಕಿ ಆರಿಸುವುದು, ಹೊಳೆಯ ನೀರು ಸೋಸುವುದು ಎಲ್ಲ ಕಲಿತೆ. ಅನ್ನ ಯಾವಾಗ ಆಗುತ್ತದೆ ಎಂಬುದನ್ನು ಮಾತ್ರ ಕಲಿಯಲಿಲ್ಲ. ಗೋಡೆ ಹೇಳುತ್ತಿತ್ತಲ್ಲ!

ಮೂರನೆಯ ವರ್ಷ ಚನ್ನಯ್ಯ ತೀರಿಕೊಂಡರು. ಮನೆಯಲ್ಲಿ ಅವರಿಗೆ ಇದ್ದದ್ದು ಒಬ್ಬ ವಿಧವೆ ಅಕ್ಕ. ಅವರ ಮನೆಯ ತಲಬಾಗಿಲು ಬೇರೆ ಓಣಿಗಿತ್ತು. ನಾನು ಪಡಸಾಲೆಯಿಂದ ಒಳಗೆ ಹೋದವನಲ್ಲ. ಆ ಮುದುಕಿಯನ್ನು ಒಂದೆರಡು ಸಲ ಬಾಗಿಲ ಮರೆಯಲ್ಲಿ ಕಂಡಿದ್ದೆ, ಅಷ್ಟೆ.

ಚನ್ನಯ್ಯನವರನ್ನು ಮಣ್ಣು ಮಾಡಿದ ಮರುದಿನ ನಾನೊಬ್ಬನೇ ಒಲೆ ಹಚ್ಚಿದೆ. ಸದ್ದು ಅವರ ಜೊತೆಗೇ ಹೋಯಿತು ಎಂದುಕೊಂಡು, ಕಿವಿ ನಿಮಿರಿಸಿ ತಪ್ಪೇಲಿಯನ್ನೇ ನೋಡುತ್ತ ಕೂತಿದ್ದೆ. ಟಕ್, ಟಕ್, ಟಕ್. ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. ಆದರೂ ಅನ್ನ ಇಳಿಸಿದೆ. ಹದವಾಗಿಯೇ ಆಗಿತ್ತು.

ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಚನ್ನಯ್ಯ ಸತ್ತರೂ ಒಲೆ ಬಿಟ್ಟಿಲ್ಲ ಎಂದರು. ಕಟ್ಟಿಗೆ ತರುವವನು ಹೊರೆಯನ್ನು ಅಂಗಳದಲ್ಲೇ ಒಗೆದು ಹೋಗತೊಡಗಿದ. ನೀರು ತರುವವಳು ಕೊಡ ಹೊಸ್ತಿಲ ಹೊರಗಿಟ್ಟು ಕೂಗಿ ಓಡುತ್ತಿದ್ದಳು. ನಾನು ಮಾತ್ರ ಆ ಕತ್ತಲ ಕೋಣೆಯಲ್ಲಿ, ಸತ್ತವರ ಅಪ್ಪಣೆಯಂತೆ ಅನ್ನ ಇಳಿಸುತ್ತ ಎಂಟು ತಿಂಗಳು ಕಳೆದೆ. ಮನೆಗೆ ಹೋದರೆ ಹೆಂಡತಿ ನನ್ನ ಕಣ್ಣು ನೋಡಿ, "ಬ್ಯಾರೆ ಕೆಲಸ ನೋಡ್ರಿ" ಎನ್ನುತ್ತಿದ್ದಳು.

ಒಂದು ದಿನ ಗೋಡೆ ಬಡಿಯಲಿಲ್ಲ.

ಕಾದೆ. ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾದೆ. ಸೀದ ವಾಸನೆ ಇಡೀ ಗುಡಿಗೆ ಹರಡಿ, ಹೊರಗೆ ಕೂತ ಜನ ಕೂಗಿದ ಮೇಲೆ ಎದ್ದೆ. ತಳ ಇದ್ದಿಲಾಗಿತ್ತು. ಮರುದಿನ ಹೆದರಿ ಬೇಗ ಇಳಿಸಿದೆ, ಅಗುಳಿನ ನಡುವೆ ಗಟ್ಟಿ ಉಳಿದಿತ್ತು. ಗುಡಿಯ ಕಾರಭಾರ ನೋಡುತ್ತಿದ್ದ ಗೌಡರು ಪ್ರಸಾದದ ಅಗುಳನ್ನು ಬೆರಳಲ್ಲಿ ಒತ್ತಿ ನೋಡಿ, ನನ್ನ ಮುಂದೆ ಹಿಡಿದರು.

"ಶಿವಪ್ಪ, ಇದನ್ನ ದೇವರಿಗೆ ಇಟ್ಟೇನಪಾ? ನಿನಗ ಅಡಿಗಿ ಬರತೈತೋ ಇಲ್ಲೋ? ಖರೆ ಹೇಳು."

"ನಾಳೆ ಸರಿ ಮಾಡ್ತೀನ್ರಿ" ಎಂದೆ. ನಿಜ ಹೇಳುವುದಾದರೆ ಬರುವುದಿಲ್ಲ ಎನ್ನಬೇಕಿತ್ತು.

ಮೂರನೆಯ ದಿನ ಸದ್ದು ಬಂತು. ಒಂದೇ ಸಲ, ಅದೂ ಬಲು ಮೆಲ್ಲಗೆ. ಎದೆಯೆತ್ತರದಿಂದಲ್ಲ, ನೆಲದ ಹತ್ತಿರದಿಂದ. ಗೋಡೆಯಲ್ಲಿದ್ದದ್ದು ಕುಸಿದು ಬಿದ್ದಿದೆ, ಕೈ ಎತ್ತಲಾಗದೆ ನೆಲದ ಮೇಲಿನಿಂದ ಬಡಿಯುತ್ತಿದೆ ಎನ್ನಿಸಿತು. ನನಗೆ ಆ ಕ್ಷಣ ಭಯಕ್ಕಿಂತ ಬೇರೆಯದೇ ಒಂದು ವಿಚಾರ ಬಂತು. ಸತ್ತವರಿಗೆ ಎಲ್ಲಾದರೂ ಜಡ್ಡು ಬರುತ್ತದೆಯೇ?

ಅಂದು ಪ್ರಸಾದ ಮುಗಿದೊಡನೆ ಗುಡಿಯ ಸುತ್ತು ಬಳಸಿ ಹಿಂದಿನ ಓಣಿಗೆ ಹೋದೆ. ಹೆಜ್ಜೆ ಎಣಿಸುತ್ತ ಅಡಿಗೆಮನೆಯ ಬೆನ್ನಿಗೆ ಬಂದರೆ, ಅಲ್ಲಿದ್ದದ್ದು ಚನ್ನಯ್ಯನವರ ಮನೆ. ಬಾಗಿಲು ತೆರೆದಿತ್ತು. ಪಡಸಾಲೆ ದಾಟಿ, ಒಳಕೋಣೆ ದಾಟಿ, ಕೊನೆಯ ಕತ್ತಲ ಕೋಣೆಗೆ ಬಂದೆ. ಗೋಡೆಯ ಬುಡಕ್ಕೆ ಕಂಬಳಿಯ ಮೇಲೆ ಮುದುಕಿ ಮಲಗಿದ್ದಳು. ಕೈಯಲ್ಲಿ ಒಂದು ಕಲ್ಲಗುಂಡು. ಗೋಡೆಯಲ್ಲಿ ನಿಂತವರ ಎದೆಯೆತ್ತರಕ್ಕೆ, ಬಡಿದು ಬಡಿದು ಬೊಗಸೆಯಷ್ಟು ಗುಳಿ ಬಿದ್ದಿತ್ತು. ಅದರ ಪಕ್ಕದಲ್ಲಿ ಬೆರಳು ಹೋಗುವಷ್ಟು ಒಂದು ಕಿಂಡಿ.

"ಬಾ ಶಿವಪ್ಪ" ಎಂದಳು, ದಿನವೂ ನೋಡಿದವಳಂತೆ. "ಎರಡು ದಿನ ಅನ್ನ ಕೆಡಿಸಿದಿ."

ಅವಳ ಕೈಯ ಕಲ್ಲಗುಂಡನ್ನು ನೋಡಿದೆ. "ನೀವಾ ಬಡೀತಿದ್ರಿ?" ಎಂದೆ.

"ಮತ್ಯಾರು? ಚನ್ಯಾಗ ಮೂಗ ಇರಲಿಲ್ಲ. ಸಣ್ಣಾಂವ ಇದ್ದಾಗ ಬ್ಯಾನಿ ಬಂದು ವಾಸನಿ ಸತ್ತ ಹೋತು. ಅಪ್ಪನ ಹತ್ರ ಅಡಿಗಿ ಕಲಿತಾಕಿ ನಾನು. ಹೆಂಗಸರು ಆ ಒಲಿ ಮುಟ್ಟಂಗಿಲ್ಲ. ಅಪ್ಪ ಸತ್ತ ಮ್ಯಾಲೆ ಕೆಲಸ ಕೈಬಿಟ್ಟು ಹೋಗತೈತಿ ಅಂತ ಹಿಂಗ ಮಾಡಿದಿವಿ. ಕಿಂಡಿಗೆ ಮೂಗು ಇಟಗೊಂಡು ನಿಂದರತಿದ್ದೆ. ಮೊನ್ನೆ ಬಿದ್ದು ಸೊಂಟ ಹೋತು. ಈಗ ಕಿಂಡಿಯಿಂದ ಕೆಳಗ ಇಳಿದಷ್ಟು ವಾಸನಿ ಹಿಡದು ಮಲಗಿದಲ್ಲೇ ಬಡೀಬೇಕು."

ಅವಳ ಹೆಸರು ಗಂಗವ್ವ. ನನ್ನನ್ನೇ ನೋಡುತ್ತ ಕೇಳಿದಳು: "ದೆವ್ವ ಅಂತ ತಿಳಕೊಂಡಿದ್ದಿಯೇನು?"

"ಹೌದ್ರಿ."

"ಛಲೋ ಆತು ಬಿಡು. ದೆವ್ವ ಅಂತ ನನ್ನ ಮಾತು ಕೇಳಿದಿ. ಗಂಗವ್ವ ಅಂತ ಗೊತ್ತಾಗಿದ್ರ ಯಾರು ಕೇಳ್ತಿದ್ರು?"

ಆ ದಿನದಿಂದ ಸಂಜೆಗೆ ಮೊದಲು ಒಂದು ಗಳಿಗೆ ಅವಳ ಹತ್ತಿರ ಕೂಡತೊಡಗಿದೆ. ಒಂದು ಸಣ್ಣ ಒಲೆ, ಸಣ್ಣ ಹಿತ್ತಾಳೆ ಪಾತ್ರೆ ತರಿಸಿದಳು. ಮನೆಯಲ್ಲಿ ನಾಲ್ಕು ಜನಕ್ಕೆ ಗುಡಿಯ ಅನ್ನ ಮಾಡುವುದನ್ನು ನಾನು ಕಲಿತದ್ದು ಅಲ್ಲಿಯೇ. ಹಳೆಯ ಅಕ್ಕಿ ಆಗಬೇಕು. ಮೂರು ನೀರು ತೊಳೆದರೆ ಸಾಕು, ನೀರು ತಿಳಿಯಾಗುವ ತನಕ ತೊಳೆದರೆ ಅಕ್ಕಿಯ ಜೀವ ಹೋಗುತ್ತದೆ. ತೊಳೆದು, ಒಲೆ ಹೊತ್ತುವಷ್ಟು ಹೊತ್ತು ನೆನೆಯಲು ಬಿಡಬೇಕು. ಒಂದಕ್ಕೆ ಎರಡೂವರೆ ನೀರು. ನೀರು ಮೊದಲು ಕುದಿಯಬೇಕು, ಅದಕ್ಕೆ ನಾಲ್ಕು ಹನಿ ತುಪ್ಪ, ಆಮೇಲೆ ಅಕ್ಕಿ. ಸೌಟು ಹಾಕಿ ಕದಡಬಾರದು. ಮೇಲಿನ ನೀರು ಇಂಗಿ ಅನ್ನದಲ್ಲಿ ಸಣ್ಣ ತೂತುಗಳು ಬಿದ್ದೊಡನೆ ಉರಿ ತೆಗೆದು, ಮುಚ್ಚಳದ ಮೇಲೆ ನಾಲ್ಕು ಕೆಂಡ ಇಡಬೇಕು. ಅಲ್ಲಿಂದ ಮುಂದಿನದು ಮೂಗಿನ ಕೆಲಸ.

"ಕಣ್ಣು ಮುಚ್ಚು. ಈಗೇನ ವಾಸನಿ?"

"ತೊಯ್ದ ಬಟ್ಟಿ ಅರಿವಿ ಇದ್ದಂಗ ಐತ್ರಿ."

"ಇನ್ನೂ ಹಸಿ. ಈಗ?"

"ಹಾಲು ಕಾಸಿದಂಗ."

"ತಡಿ. ಇನ್ನೂ ತಡಿ... ಈಗ?"

ನನಗೆ ಹೆಸರು ಹೇಳಲಾಗಲಿಲ್ಲ. ಎಲ್ಲೋ ಗೊತ್ತಿದ್ದ ವಾಸನೆ.

"ಎರೆದು ಮಲಗಿಸಿದ ಕೂಸಿನ ನೆತ್ತಿ ವಾಸನಿ" ಎಂದಳು ಗಂಗವ್ವ. "ಅದು ಬಂದ್ರ ಇಳಸು. ನನಗ ಮಕ್ಕಳಿಲ್ಲ. ಮಂದಿ ಕೂಸಿನ ನೆತ್ತಿ ಮೂಸಿ ಕಲಿತೀನಿ."

ಮೂರು ತಿಂಗಳಲ್ಲಿ ನನ್ನ ಮೂಗು ತೆರೆಯಿತು. ಆದರೂ ಅವಳು ಬಡಿಯುವುದನ್ನು ಬಿಡಲಿಲ್ಲ, ನಾನೂ ಬಿಡಿಸಲಿಲ್ಲ. ಒಂದು ದಿನ ಅವಳ ಸಣ್ಣ ಒಲೆಯ ಮೇಲೆ ಅನ್ನ ಕುದಿಯುತ್ತಿರುವಾಗ ಸಹಜವಾಗಿ ಕೇಳಿದಳು: "ನಾ ಬಡದ ಮ್ಯಾಲೆ ನೀ ತಿರುಗಿ ಒಂದ ಸಲ ಬಡೀತಿಯಲ್ಲ, ಅದ್ಯಾಕ?"

"ನಾನು ಬಡಿಯೂದಿಲ್ರಿ."

"ದಿನಾ ಬಡೀತಿ. ಚನ್ಯಾನೂ ಬಡೀತಿದ್ದ, ಕೇಳಸ್ತು ಅಂತ ಹೇಳಾಕ. ಅವನಿಂದ ನೀ ಕಲಿತಿ ಅಂದುಕೊಂಡಿದ್ದೆ."

ಚನ್ನಯ್ಯ ತಿರುಗಿ ಬಡಿದದ್ದನ್ನು ಅವರ ಪಕ್ಕದಲ್ಲಿ ಕೂತ ಎರಡು ವರ್ಷದಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ. ಸದ್ದು ಬಂದೊಡನೆ ಅವರು ಎದ್ದು ಒಲೆಯ ಕಡೆ ಬಾಗುತ್ತಿದ್ದರು. ಅದನ್ನೇ ಹೇಳಿದೆ. ಗಂಗವ್ವ ಗೋಡೆಯ ಕಡೆ ತಿರುಗಿದಳು.

"ಹಂಗಾದ್ರ ಇಷ್ಟು ವರ್ಷ ನನಗ ಓ ಅಂದವರು ಯಾರು?" ಎಂದಳು. ಆಮೇಲೆ, "ಇರಲಿ ಬಿಡು. ಅನ್ನ ನೋಡು" ಎಂದಳು.

ಆ ಮಳೆಗಾಲದ ಕೊನೆಗೆ ಅವಳು ತೀರ ಸೋತಳು. ಪಕ್ಕದ ಮನೆಯ ತಂಗೆವ್ವ ಬಂದು ನೀರು, ಗಂಜಿ ಕೊಟ್ಟು ನೋಡಿಕೊಳ್ಳುತ್ತಿದ್ದಳು. ಒಂದು ಸಂಜೆ ಗಂಗವ್ವ ನನ್ನ ಅಂಗಿಯ ತುದಿ ಹಿಡಿದಳು.

"ಶಿವಪ್ಪ, ಒಂದ ಮಾತು. ಗುಡಿ ಒಲಿ ಮ್ಯಾಲಿಂದ ನಾನು ಇಳಿಸಿದ ಅನ್ನ ನಾನೇ ಬಿಸಿದು ಉಂಡಿಲ್ಲ. ದೇವರಿಗೆ ಆಗಿ, ಪೂಜಾರಿಗಾಗಿ, ಗೌಡರಿಗಾಗಿ, ಮಂದಿಗಾಗಿ, ಚನ್ಯಾ ಉಂಡು, ಉಳಿದಿದ್ದು ನನ್ನ ಮುಂದ ಬರೂದ್ರಾಗ ತಣ್ಣಗ ಆಗಿರತಿತ್ತು. ವಾಸನಿ ಅಷ್ಟ ನಂದು. ಒಂದ ತುತ್ತು, ಹೊಗಿ ಆಡೂದು, ತಂದು ಕೊಡ್ತೀಯೇನು?"

ದೇವರಿಗೆ ಎಡೆಯಾಗದೆ ಒಂದು ಅಗುಳೂ ಗುಡಿಯ ಹೊರಗೆ ಹೋಗುವಂತಿರಲಿಲ್ಲ. ಎಡೆ ಹಿಡಿದು ಮಂಗಳಾರತಿ ಮುಗಿಯುವುದರೊಳಗೆ ಹೊಗೆ ಉಳಿಯುತ್ತಿರಲಿಲ್ಲ. ಅದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. "ನಾಳೆ ತರ್ತೀನ್ರಿ" ಎಂದೆ.

ಮರುದಿನ ಎಂದಿನಂತೆ ಒಲೆ ಹಚ್ಚಿದೆ. ಅಕ್ಕಿ ಬಿತ್ತು, ತೂತು ಬಿತ್ತು, ಕೆಂಡ ಮೇಲೇರಿತು. ಕಣ್ಣು ಮುಚ್ಚಿ ಕೂತೆ. ಅರಿವೆಯ ವಾಸನೆ ಹೋಯಿತು, ಹಾಲಿನ ವಾಸನೆ ಬಂತು. ಕೂಸಿನ ನೆತ್ತಿಯ ವಾಸನೆ ಬಂದ ಗಳಿಗೆಗೆ ಸರಿಯಾಗಿ ಗೋಡೆ ಬಡಿಯಿತು. ಟಕ್, ಟಕ್, ಟಕ್. ಇಷ್ಟು ತಿಂಗಳಿಂದ ನೆಲದ ಹತ್ತಿರದಿಂದ ಬರುತ್ತಿದ್ದ ಸದ್ದು ಅಂದು ಮೊದಲಿನಂತೆ ಎದೆಯೆತ್ತರದಿಂದ, ಗಟ್ಟಿಯಾಗಿ ಬಂತು. ಗಂಗವ್ವ ಎದ್ದು ನಿಂತಿದ್ದಾಳೆ ಎಂದು ನನಗೆ ಸಂತೋಷವಾಯಿತು. ಯೋಚಿಸಿದ್ದರೆ ಕಾಲು ಹಿಂಜರಿಯುತ್ತಿತ್ತು. ಮೊದಲ ಅನ್ನ ಒಂದು ಬಟ್ಟಲಿಗೆ ತೋಡಿ, ಮೇಲೆ ತುಪ್ಪ ಬಿಟ್ಟು, ಮೈಮೇಲಿನ ವಸ್ತ್ರದಲ್ಲಿ ಮುಚ್ಚಿಕೊಂಡು, ಗರ್ಭಗುಡಿಗೆ ಬೆನ್ನು ಮಾಡಿ ಹಿಂದಿನ ಓಣಿಗೆ ಓಡಿದೆ.

ತಂಗೆವ್ವ ಹೊಸ್ತಿಲ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದಳು.

"ಸುದ್ದಿ ಮುಟ್ಟತೇನ್ರಿ? ಮುಂಜಾನೆ ಹೊತ್ತೇರೂದ್ರಾಗ ಹೋದಳ್ರಿ ಗಂಗವ್ವ. ಹೇಳಿ ಕಳಸಾಕ ಯಾರೂ ಸಿಗಲಿಲ್ಲ."

ಬಟ್ಟಲು ನನ್ನ ಕೈ ಸುಡುತ್ತಿತ್ತು. "ಈಗ ಬಡದವರು ಯಾರು?"

ತಂಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಒಳಗ ಯಾರದಾರ, ತಂಗೆವ್ವ?"

"ಯಾರೂ ಇಲ್ರಿ. ಆಕಿನ್ನ ಕೂಡಿಸಿ ನಾ ಹೊರಗ ಬಂದು ಕುಂತೀನಿ. ನನಗೂ ಕೇಳಸ್ತು. ಅದಕ ಒಳಗ ಹೋಗವಲ್ಲೆ."

ನಾನು ಒಳಗೆ ಹೋದೆ. ಸತ್ತವರನ್ನು ಕೂಡಿಸುವ ನಮ್ಮ ಪದ್ಧತಿಯಂತೆ ತಂಗೆವ್ವ ಗಂಗವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದಳು. ಮೈ ಕಲ್ಲಿನಂತೆ ತಣ್ಣಗಿತ್ತು. ಕಲ್ಲಗುಂಡು ಅವಳ ಕೈಯಲ್ಲಿರಲಿಲ್ಲ. ತಲೆಯ ಮೇಲೆ, ಗೋಡೆಯ ಗುಳಿಯೊಳಗೆ ಕೂತಿತ್ತು. ಅದನ್ನು ಯಾರು ಇಟ್ಟರೆಂದು ನಾನು ತಂಗೆವ್ವನನ್ನು ಕೇಳಲಿಲ್ಲ. ಬಟ್ಟಲನ್ನು ಅವಳ ಮುಖದ ಹತ್ತಿರ ಇಟ್ಟು, ಹೊಗೆ ಆಡುವುದು ನಿಲ್ಲುವ ತನಕ ಪಕ್ಕದಲ್ಲಿ ಕೂತೆ.

ಸೂತಕದ ಮನೆಗೆ ಹೊಕ್ಕು ಬಂದವನು ಎಡೆ ಹಿಡಿಯುವಂತಿರಲಿಲ್ಲ. ಅಂದು ದೇವರು ಉಪವಾಸ. ಸಂಜೆ ಗೌಡರು ಕರೆಸಿದರು. ಎಲ್ಲ ಹೇಳಿದೆ. ಕಿಂಡಿ, ಗುಳಿ, ಮೂಗು, ಬಟ್ಟಲು, ಯಾವುದನ್ನೂ ಮುಚ್ಚಲಿಲ್ಲ.

"ದೇವರಿಗಿಂತ ಮೊದಲ ಸತ್ತ ಹೆಂಗಸಿಗೆ ಎಡಿ ಹಿಡದಿ?"

"ಹೌದ್ರಿ. ಇಷ್ಟು ವರ್ಷ ನಾವು ಉಂಡಿದ್ದು ಆಕಿ ಮಾಡಿದ ಅನ್ನರಿ."

ಗೌಡರು ಕೆಟ್ಟವರಲ್ಲ, ಆದರೆ ಕೇಳಿದ್ದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವರಿಗೆ ತಿಳಿಯಲಿಲ್ಲ. "ಇನ್ನ ಬರಬ್ಯಾಡ" ಎಂದಷ್ಟೇ ಹೇಳಿದರು. ಬೀಳಗಿಯಿಂದ ಹೊಸ ಅಡಿಗೆಯವನನ್ನು ಕರೆಸಿದರು. ನನಗಿಂತ ಅನುಭವಿ. ಅವನು ನಿಂತದ್ದು ಎಂಟು ದಿನ. ಒಂಬತ್ತನೆಯ ದಿನ ಕೀಲಿಕೈಯನ್ನು ಗೌಡರ ಮುಂದಿಟ್ಟು, "ಅನ್ನ ಇಳಿಸೂ ಹೊತ್ತಿಗೆ ಯಾರೋ ಒಂದ ಸಲ ಬಡೀತಾರ್ರಿ. ಗ್ವಾಡಿ ಆಚಿಂದಲ್ಲ, ಈಚಿಂದ. ನನ್ನ ಮಗ್ಗಲಿಂದ" ಎಂದು ಬೆವರುತ್ತ ಹೇಳಿ ಹೋದನಂತೆ.

ಗೌಡರು ತಾವೇ ನಮ್ಮ ಮನೆಗೆ ಬಂದರು. "ನೀ ಹೆದರೂದಿಲ್ಲೇನು, ಶಿವಪ್ಪ?" ಎಂದು ಕೇಳಿದರು. ಹೆದರುತ್ತೇನೆ ಎಂದೆ, ಆದರೂ ಹೋದೆ. ಮೊದಲ ದಿನ ಅನ್ನ ಇಳಿಸುವ ಮುಂಚೆ, ಯಾರಿಗೆಂದು ಗೊತ್ತಿಲ್ಲದೆ, "ನನಗ ಬರತೈತಿ, ಇನ್ನ ನೀವು ಆರಾಮ ತಗೋರಿ" ಎಂದು ಗಟ್ಟಿಯಾಗಿ ಹೇಳಿದೆ. ಅಂದಿನಿಂದ ಕೆಲಸ ಬಿಡುವ ತನಕ ಆ ಗೋಡೆ ನನ್ನ ಕಿವಿಗೆ ಮತ್ತೆ ಬಡಿಯಲಿಲ್ಲ. ವಿವರಣೆ ಕೇಳಬೇಡಿ. ಇದ್ದಿದ್ದರೆ ಮೊದಲೇ ಬರೆಯುತ್ತಿದ್ದೆ.

ಕಾಲ ಬದಲಾಯಿತು. ಹೊಳೆಯ ನೀರು ಹೋಗಿ ಬೋರಿನ ನೀರು ಬಂದು ಅನ್ನ ಹಳದಿ ತಿರುಗತೊಡಗಿತು. ಆಮೇಲೆ ಗ್ಯಾಸ್ ಬಂತು, ಮುಚ್ಚಳದ ಮೇಲಿಡಲು ಕೆಂಡವೇ ಇಲ್ಲದಾಯಿತು. ಕೆಂಡದ ಬದಲು ಕುದಿಯುವ ನೀರಿನ ಚರಿಗೆ ಇಟ್ಟು ದಾರಿ ಕಂಡುಕೊಂಡೆ. ಮನೆಯಲ್ಲಿ ಮಾಡುವವರೂ ಹಾಗೆ ಮಾಡಬಹುದು. ಕುಕ್ಕರ್ ಬೇಡ. ಅದು ತಾನೇ ಕೂಗುತ್ತದೆ, ನಮ್ಮ ಮೂಗಿಗೆ ಕೆಲಸ ಕೊಡುವುದಿಲ್ಲ.

ನಿವೃತ್ತನಾದ ಮೇಲೆ ಬನಹಟ್ಟಿಯ ಒಂದು ನೇಕಾರರ ಮನೆಯಿಂದ ಕರೆ ಬಂತು. ಶ್ರಾವಣದಲ್ಲಿ ಮನೆಯಲ್ಲೇ ಗುಡಿಯ ಅನ್ನ ಮಾಡಿ ಎಡೆ ಹಿಡಿಯಬೇಕು, ಕಲಿಸಿಕೊಡಿ ಎಂದರು. ಮಗ್ಗದ ಮನೆಗೂ ಅಡಿಗೆಮನೆಗೂ ನಡುವೆ ಒಂದು ಸಣ್ಣ ಗೋಡೆ. ನಾಲ್ಕು ಪವರ್‌ಲೂಮು ಒಟ್ಟಿಗೆ ಓಡುತ್ತಿದ್ದವು. ಪಕ್ಕದವರ ಮಾತೂ ಕೇಳಿಸದು. ಕಲಿಯಲು ನಿಂತವಳು ಆ ಮನೆಯ ಸೊಸೆ ಕಾಶವ್ವ, ವಯಸ್ಸು ಐವತ್ತರ ಹತ್ತಿರ. ಅವಳ ಅತ್ತೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು. ಕಾಶವ್ವ ಕಣ್ಣು ಮುಚ್ಚಿ, ಅರಿವೆ, ಹಾಲು ಎಲ್ಲ ದಾಟಿ, ನಾನು ಹೇಳುವ ಮೊದಲೇ ತಟ್ಟನೆ ಗ್ಯಾಸ್ ಆರಿಸಿದಳು. ನಾಲ್ಕು ಮಕ್ಕಳನ್ನು ಹೆತ್ತವಳು.

ಎಡೆಗೆ ಬಟ್ಟಲು ತೆಗೆಯಲು ಹೋದವಳನ್ನು ತಡೆದೆ. "ಇದು ಮನಿ, ಗುಡಿ ಅಲ್ಲ. ಮನ್ಯಾಗ ಮಾಡಿದಾಗ ಮೊದಲ ತುತ್ತು ಮಾಡಿದಾಕಿ ಉಣಬೇಕು. ಬಿಸಿ ಇದ್ದಾಗ, ನಿಂತಲ್ಲೇ."

ಇಂಥ ಪದ್ಧತಿ ಎಲ್ಲಿಯೂ ಇಲ್ಲ. ನಾನೇ ಮಾಡಿದ್ದು. ಅತ್ತೆ ಮಗ್ಗದ ಸದ್ದಿನ ಮೇಲೆ ಕೂಗಿದಳು: "ಇದೆಲ್ಲಿದ್ರೀ? ದೇವರಿಗಿಂತ ಮೊದಲ?"

"ಹೌದ್ರೆವ್ವಾ. ಗುಡಿಯಾಗೂ ಹಂಗ ನಡದೈತಿ."

ಅದು ಅರ್ಧ ಸುಳ್ಳು. ಒಂದು ದಿನ ಮಾತ್ರ ನಡೆದಿತ್ತು.

ಕಾಶವ್ವ ಅಂಗೈಯಲ್ಲಿ ಹೊಗೆಯಾಡುವ ಅನ್ನ ಹಿಡಿದು, ಒಮ್ಮೆ ಅತ್ತೆಯನ್ನು, ಒಮ್ಮೆ ನನ್ನನ್ನು ನೋಡಿದಳು. ಊದಲಿಲ್ಲ. ಹಾಗೇ ಬಾಯಿಗೆ ಹಾಕಿಕೊಂಡಳು. ಸುಟ್ಟಿರಬೇಕು, ಕಣ್ಣಲ್ಲಿ ನೀರು ಬಂತು. ಬಾಯಿ ಮುಚ್ಚಿಕೊಂಡು, ನಗುವುದೋ ಅಳುವುದೋ ತಿಳಿಯದೆ ನಿಂತಳು.

"ಹೆಂಗೈತೆ?" ಎಂದು ಅತ್ತೆ ಕೂಗಿದಳು.

"ಬಿಸಿ ಐತ್ರಿ, ಅತ್ತಿ" ಎಂದಳು ಕಾಶವ್ವ. "ಮದಿವ್ಯಾಗಿ ಬಂದ ಮ್ಯಾಲೆ ಬಿಸಿ ಅನ್ನ ಇವತ್ತ ಉಂಡೆ."

ಅತ್ತೆ ಗೋಡೆ ಹಿಡಿದು ಎದ್ದು ಬಂದು, ಸೊಸೆಯ ಮುಂದೆ ತನ್ನ ಅಂಗೈಯನ್ನೂ ಚಾಚಿದಳು.